ಕಾರವಾರದ ಬೋರ್ಡಿಲ್ಲದ ಖಾನಾವಳಿ: ಮೀನೂಟಕ್ಕೆ ನಾಲ್ಕು ಸ್ಟಾರ್, ಬಜೆಟ್ಟಿಗೆ ಎರಡೂವರೆ

ಮೊದಲು ಊಟದ ವಿಷಯ ಹೇಳಿಬಿಡುತ್ತೇನೆ. ಬಂಗಡೆ ಸಾರು ಚೆನ್ನಾಗಿದೆ. ಕಾಯಿ ನುಣ್ಣಗೆ ಅರೆದಿರುತ್ತದೆ, ಹುಳಿ ಹದವಾಗಿರುತ್ತದೆ. ತಟ್ಟೆ ಮೇಜಿಗೆ ಬರುವಾಗಲೇ ತಿರ್ಫಳದ ಘಮ ಮೂಗಿಗೆ ಹತ್ತುತ್ತದೆ. ಕುಚ್ಚಲಕ್ಕಿ ಅನ್ನ, ಒಂದು ಪಲ್ಯ, ಉಪ್ಪಿನಕಾಯಿ, ಸಣ್ಣ ಲೋಟದಲ್ಲಿ ಕೋಕಮ್‌ನ ಸೋಲ್ ಕಡಿ. ಎಲ್ಲ ಸೇರಿ 130 ರೂಪಾಯಿ. ಬಂಗಡೆ ಫ್ರೈ ಬೇಕಾದರೆ ಬೇರೆ 70. ಇಸ್ವಣ ಮೀನು ಇದ್ದ ದಿನ ಅದರ ರೇಟು ಬೆಳಗ್ಗೆ ಮಾರ್ಕೆಟ್ಟಿನಿಂದ ಬಂದ ಮೇಲೆಯೇ ಗೊತ್ತಾಗುವುದು. ಚೌಕಾಸಿ ಮಾಡಬೇಡಿ, ಅವರಿಗೂ ಜಾಸ್ತಿಯೇ ಬಿದ್ದಿರುತ್ತದೆ.

ಜಾಗ ಗ್ರೀನ್ ಸ್ಟ್ರೀಟಿನಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ. ಹಳೇ ಹೆಂಚಿನ ಮನೆ, ಮುಂದಿನ ಪಡಸಾಲೆಯೇ ಖಾನಾವಳಿ. ಆರು ಮೇಜು, ಎರಡು ಫ್ಯಾನು. ಅದರಲ್ಲಿ ಒಂದು ತಿರುಗುತ್ತದೆ. ಬೋರ್ಡು ಇಲ್ಲ. ನಡೆಸುವವರನ್ನು ಎಲ್ಲರೂ ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ಹೆಸರು ಬರೆಯಬೇಡಿ ಅಂತ ಮೊದಲೇ ತಾಕೀತು ಮಾಡಿದ್ದಾರೆ. "ಇಷ್ಟು ಜನಕ್ಕೇ ಸಾಕಾಗಿದೆ ಸಾಹೇಬ್ರೆ. ನೀವು ಬರೆದು, ಬೆಂಗಳೂರಿನವರು ಕ್ಯಾಮೆರಾ ಹಿಡ್ಕೊಂಡು ಬಂದರೆ ಅನ್ನ ಬೇಯಿಸೋದು ಯಾರು?" ಕೇಳಿಕೊಂಡು ಹೋದರೆ ಸಿಗುತ್ತದೆ. ಡಿಸಿ ಆಫೀಸಿನ ಸುತ್ತಮುತ್ತ ಯಾವ ಗುಮಾಸ್ತನನ್ನು ಕೇಳಿದರೂ ದಾರಿ ತೋರಿಸುತ್ತಾನೆ.

ನಾನು ಖಜಾನೆ ಇಲಾಖೆಯಿಂದ ನಿವೃತ್ತನಾದವನು. ಜನರಿಗೆ ಬಜೆಟ್ ಅಂದರೆ ವರ್ಷಕ್ಕೊಮ್ಮೆ ಟಿವಿಯಲ್ಲಿ ಬರುವ ಭಾಷಣ. ನನಗೆ ಅದು ಬಿಲ್ಲು. ಪಗಾರ ಬಿಲ್ಲು, ಪೆನ್ಷನ್ ಬಿಲ್ಲು, ಕಾಮಗಾರಿ ಬಿಲ್ಲು, ಹಾಸ್ಟೆಲಿನ ಅಕ್ಕಿ ಬಿಲ್ಲು. ಹಾಗಾಗಿ ಯಾವ ಹೋಟೆಲ್ಲಿಗೆ ಹೋದರೂ ಇಲ್ಲಿನ ಗಿರಾಕಿಗಳ ಕಿಸೆಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಕಡೆಗೇ ನನ್ನ ಲಕ್ಷ್ಯ. ಹೆಂಡತಿ ಇದನ್ನು ಚಾಳಿ ಅನ್ನುತ್ತಾಳೆ. ಇರಲಿ. ಈ ಖಾನಾವಳಿಯ ರುಚಿ ಇಷ್ಟು ವರ್ಷ ಒಂದೇ ತೆರನಾಗಿ ಉಳಿದಿದೆಯಲ್ಲ, ಅದಕ್ಕೆ ಅರ್ಧ ಕಾರಣ ವಹಿನಿಯ ಕೈಗುಣ. ಇನ್ನರ್ಧ ಸರ್ಕಾರದ ಬಜೆಟ್ಟು. ನಂಬಿಕೆ ಬರದಿದ್ದರೆ ಮಧ್ಯಾಹ್ನ ಒಂದೂವರೆಗೆ ಹೋಗಿ ಮೇಜುಗಳನ್ನು ನೋಡಿ.

ಕಿಟಕಿ ಪಕ್ಕದ ಮೇಜು ಸರ್ಕಾರಿ ನೌಕರರದ್ದು. ಹೆಚ್ಚಿನವರು ಧಾರವಾಡ, ಹಾವೇರಿ ಕಡೆಯವರು. ವರ್ಗವಾಗಿ ಬಂದಾಗ ಮಳೆಗೂ ಸೆಕೆಗೂ ಬೈಯುತ್ತಾರೆ, ಆರು ತಿಂಗಳಲ್ಲಿ ಮೀನು ಕಲಿಯುತ್ತಾರೆ, ಮತ್ತೆ ವರ್ಗವಾದಾಗ ಅಳುತ್ತಾರೆ. ಅದರ ಪಕ್ಕದಲ್ಲಿ ಪೆನ್ಷನ್ನಿನವರು, ಅಂದರೆ ನಾವು. ಗೋಡೆ ಬದಿಗೆ ಬೈತಖೋಲ್ ಬಂದರಿನ ಬೋಟಿನವರು. ಬಾಗಿಲ ಹತ್ತಿರ ಅರಗಾದ ನೌಕಾನೆಲೆಯ ಕಟ್ಟಡ ಕೆಲಸಕ್ಕೆ ಬಂದ ಗುತ್ತಿಗೆ ಕಾರ್ಮಿಕರು, ಮುಖ್ಯವಾಗಿ ರವಿವಾರದ ಸಂತೆಯ ದಿನ. ಉಳಿದ ಎರಡು ಮೇಜು ಯಾರಿಗೆ ಬೇಕಾದರೂ. ಡಿಸೆಂಬರಿನಲ್ಲಿ ಅಲ್ಲಿ ಪ್ರವಾಸಿಗರು ಇರುತ್ತಾರೆ. ಒಂದು ಕಾಲದಲ್ಲಿ ಅಲ್ಲಿ ಅದಿರು ಲಾರಿಯವರು ಇರುತ್ತಿದ್ದರು.

ಆ ಲಾರಿಗಳ ಕಾಲ ನೋಡಿದವರಿಗೆ ಅರ್ಥಶಾಸ್ತ್ರದ ಪುಸ್ತಕ ಬೇಡ. ಚೀನಾ ಉಕ್ಕಿಗೆ ಹಸಿದಿದ್ದ ವರ್ಷಗಳು ಅವು. ಬಳ್ಳಾರಿ ಕಡೆಯಿಂದ ಕೆಂಪು ಧೂಳು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಕಾರವಾರ, ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದವು. ಟೈರ್ ಅಂಗಡಿ, ಗ್ಯಾರೇಜು, ಡಾಬಾ, ಬಾಡಿಗೆ ಮನೆ, ಎಲ್ಲದಕ್ಕೂ ಸುಗ್ಗಿ. ಆಗ ಈ ಖಾನಾವಳಿ ನಡೆಸುತ್ತಿದ್ದವರು ವಹಿನಿಯ ಅತ್ತೆ. ಮಧ್ಯಾಹ್ನ ಮೂರರವರೆಗೂ ಅನ್ನ ಬೇಯುತ್ತಲೇ ಇರುತ್ತಿತ್ತಂತೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಮರುವರ್ಷ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಲಾರಿಗಳ ಜೊತೆ ಎರಡು ಮೇಜಿನ ಗಿರಾಕಿಗಳೂ ಹೋದರು.

ಖಾನಾವಳಿ ಮುಚ್ಚಲಿಲ್ಲ. ಯಾಕೆ? ಕಿಟಕಿ ಪಕ್ಕದ ಮೇಜು ಖಾಲಿಯಾಗಲಿಲ್ಲ. ಅದಿರಿನ ಬೆಲೆ ಏನೇ ಆಗಲಿ, ತಿಂಗಳಿಗೊಮ್ಮೆ ಪಗಾರ ಬಂದೇ ಬರುತ್ತದೆ. ಪೆನ್ಷನ್ನೂ ಅಷ್ಟೇ. ಸುಗ್ಗಿ ಇಲ್ಲ, ಬರವೂ ಇಲ್ಲ. ಸರ್ಕಾರದ ದುಡ್ಡಿನ ದೊಡ್ಡ ಗುಣ ಅದು ಜಾಸ್ತಿ ಇರುವುದಲ್ಲ. ಬೇರೆಯವರ ದುಡ್ಡು ನಿಂತಾಗ ಅದೂ ನಿಲ್ಲುವುದಿಲ್ಲ, ಅದೇ ಗುಣ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವ್ಯಾಪಾರ ಏರುತ್ತದೆ, ಇಳಿಯುತ್ತದೆ. ಏರುವಾಗ ಎಲ್ಲರೂ ಒಟ್ಟಿಗೆ ಖರ್ಚು ಮಾಡುತ್ತಾರೆ. ಇಳಿಯುವಾಗ ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿಯುತ್ತಾರೆ. ಕಷ್ಟ ಇರುವುದು ಆ ಒಟ್ಟಿಗೆ ಅನ್ನುವಲ್ಲಿ. ನನ್ನ ಖರ್ಚು ನಿಮ್ಮ ಆದಾಯ. ನಾನು ಭಯಪಟ್ಟು ಹೋಟೆಲ್ ಊಟ ಬಿಟ್ಟರೆ ವಹಿನಿ ಮೀನು ಕಡಿಮೆ ಕೊಳ್ಳುತ್ತಾರೆ, ಮೀನು ಮಾರುವವಳು ಮಗಳಿಗೆ ಬಟ್ಟೆ ಕೊಳ್ಳುವುದಿಲ್ಲ, ಬಟ್ಟೆ ಅಂಗಡಿಯವನು ಹುಡುಗನನ್ನು ಕೆಲಸದಿಂದ ಬಿಡಿಸುತ್ತಾನೆ. ಒಬ್ಬೊಬ್ಬರದೂ ಜಾಣತನವೇ. ಎಲ್ಲರೂ ಒಂದೇ ಸಲ ಜಾಣರಾದರೆ ಊರು ಬಡವಾಗುತ್ತದೆ. ಆಗ ಹೆದರದೆ ಖರ್ಚು ಮಾಡುವವರು ಒಬ್ಬರಾದರೂ ಬೇಕು. ಅಷ್ಟು ದೊಡ್ಡ ಕಿಸೆ, ಅಷ್ಟು ದೀರ್ಘ ಸಾಲ ತೀರಿಸುವ ತಾಕತ್ತು ಇರುವುದು ಸರ್ಕಾರಕ್ಕೆ ಮಾತ್ರ. 1930ರ ದಶಕದ ಮಹಾ ಕುಸಿತದ ಹೊತ್ತಿಗೆ ಕೇನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜಗಳವಾಡಿ ಹೇಳಿದ್ದು ಸುಮಾರಾಗಿ ಇದನ್ನೇ.

ಒಮ್ಮೆ ಮಳೆ ಜೋರಾಗಿ ಸುರಿದು ಹೊರಗೆ ಹೋಗಲಾರದೆ ಕೂತಿದ್ದಾಗ, ವಹಿನಿಯ ಹತ್ತಿರ ನಾನು ಕೊಟ್ಟ 130 ರೂಪಾಯಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಅವರು ಲೆಕ್ಕದಲ್ಲಿ ನನಗಿಂತ ಚುರುಕು. ಮೀನಿಗೆ ಸುಮಾರು 45. ಅದು ಮೀನು ತರುವ ಹೆಂಗಸಿಗೆ, ಅವಳಿಂದ ಬೋಟಿಗೆ. ಕಾಯಿ, ತರಕಾರಿಗೆ 15. ಕಾಯಿ ಅಂಕೋಲಾ ಕಡೆಯದು. ಅಕ್ಕಿಗೆ 15. ಪಾತ್ರೆ ತೊಳೆಯುವವಳು, ಬಡಿಸುವ ಹುಡುಗ ಸೇರಿ 20. ಗ್ಯಾಸಿಗೆ, ಎಣ್ಣೆಗೆ 15. ಉಳಿದದ್ದರಲ್ಲಿ ಕರೆಂಟು, ಮನೆ ಖರ್ಚು, ಮಗನ ಫೀಸು.

ಈ ಲೆಕ್ಕದಲ್ಲಿ ಮೀನು, ಕಾಯಿ, ಕೂಲಿ ಇವು ಊರಿನ ಸುತ್ತಮುತ್ತಲೇ ಉಳಿಯುವ ದುಡ್ಡು. ಪಾತ್ರೆ ತೊಳೆಯುವವಳು ಅದೇ ಸಂಜೆ ಕಿರಾಣಿ ಅಂಗಡಿಗೆ ಹೋಗುತ್ತಾಳೆ, ಆ 10 ರೂಪಾಯಿ ಮತ್ತೊಂದು ಸುತ್ತು ಹೊಡೆಯುತ್ತದೆ. ಗ್ಯಾಸು, ಎಣ್ಣೆಯ ದುಡ್ಡು ಮಾತ್ರ ಊರು ಬಿಟ್ಟು, ಬಹಳಷ್ಟು ದೇಶವನ್ನೇ ಬಿಟ್ಟು ಹೋಗುತ್ತದೆ. ಸರ್ಕಾರ ಹಾಕಿದ ಒಂದು ರೂಪಾಯಿ ಊರಿನಲ್ಲಿ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು ಈ ಸೋರಿಕೆಯ ಮೇಲೆ ನಿಂತಿದೆ. ನನ್ನಂಥ ಪೆನ್ಷನ್ನಿನವನಿಗೆ 1,000 ರೂಪಾಯಿ ಹೆಚ್ಚು ಕೊಟ್ಟರೆ ಅರ್ಧ ಬ್ಯಾಂಕಿನಲ್ಲಿ ಮಲಗುತ್ತದೆ. ಪಾತ್ರೆ ತೊಳೆಯುವವಳಿಗೆ ಕೊಟ್ಟರೆ ವಾರದೊಳಗೆ ಪೂರ್ತಿ ಪೇಟೆಗೆ ಬರುತ್ತದೆ. ಹಿಂಜರಿತದ ಕಾಲದಲ್ಲಿ ಯಾರ ಕೈಗೆ ದುಡ್ಡು ಕೊಡಬೇಕು ಅನ್ನುವ ಚರ್ಚೆ ಟಿವಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಉತ್ತರ ಇಲ್ಲಿ ಹಿಂದಿನ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಾ ಕೂತಿದೆ.

ಇನ್ನು ಬಜೆಟ್ಟಿಗೆ ಎರಡೂವರೆ ಸ್ಟಾರ್ ಯಾಕೆ? ಕೊಡಬೇಕಾದ ಅಂಕ ಮೊದಲು ಕೊಡೋಣ.

ಯಾರೂ ಘೋಷಣೆ ಮಾಡದೆ ತಾನಾಗಿ ಬರುವ ದುಡ್ಡಿಗೆ ಪೂರ್ತಿ ಅಂಕ. ಪಗಾರ, ಪೆನ್ಷನ್, ರೇಷನ್ ಇವು ನಿಂತ ಮಾರ್ಕೆಟ್ಟಿನಲ್ಲೂ ಬರುತ್ತವೆ. ಆದಾಯ ತೆರಿಗೆ ಇನ್ನೊಂದು. ಗಳಿಕೆ ಕಡಿಮೆಯಾದ ವರ್ಷ ತೆರಿಗೆ ತಾನೇ ಕಡಿಮೆಯಾಗುತ್ತದೆ, ಮಂತ್ರಿ ಎದ್ದು ಹೇಳಬೇಕಾಗಿಲ್ಲ. ಇದರ ಒಳ್ಳೇ ಉದಾಹರಣೆ 2020ರ ನರೇಗಾ. ಕೇಳಿದವರಿಗೆ ಕೆಲಸ ಕೊಡಬೇಕು ಅನ್ನುವುದು ಆ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಬುನಾದಿಯಾಗಿತ್ತು. ಲಾಕ್‌ಡೌನ್ ಆಗಿ ಜನ ಊರಿಗೆ ವಾಪಸ್ ಬಂದಾಗ ಬೇಡಿಕೆ ತಾನಾಗಿ ಏರಿತು. ಬಜೆಟ್ಟಿನಲ್ಲಿ ಇಟ್ಟಿದ್ದು 61,500 ಕೋಟಿ, ಮೇ ತಿಂಗಳಲ್ಲಿ ಮೇಲೆ 40,000 ಕೋಟಿ ಸೇರಿಸಬೇಕಾಯಿತು. ಹಿಂದಿನ ವರ್ಷ ಸುಮಾರು 265 ಕೋಟಿ ಮಾನವ ದಿನಗಳ ಕೆಲಸ ಆಗಿದ್ದರೆ ಆ ವರ್ಷ 389 ಕೋಟಿ ಆಯಿತು. ಪೇಟೆ ಚೇತರಿಸಿಕೊಂಡ ಹಾಗೆ ಮುಂದಿನ ಎರಡು ವರ್ಷ ಅದು ಇಳಿಯಿತು. ಬೇಕಾದಾಗ ಏರಿ, ಬೇಡವಾದಾಗ ಇಳಿಯುವ ಖರ್ಚು ಅಂದರೆ ಹೀಗಿರಬೇಕು.

ಘೋಷಣೆ ಮಾಡಿ ಕೊಡುವ ಪ್ಯಾಕೇಜುಗಳ ಕಥೆ ಬೇರೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪಾದನೆ ಸುಮಾರು ಕಾಲು ಭಾಗ ಕುಸಿದಿತ್ತು. ಖಾನಾವಳಿಗೆ ಬಾಗಿಲು ಬಿದ್ದಿತ್ತು, ಆಮೇಲೆ ಪಾರ್ಸೆಲ್ ಮಾತ್ರ. ಜನಧನ ಖಾತೆಯ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿ, ತಲೆಗೆ 5 ಕೆಜಿ ಧಾನ್ಯ ಬಂತು. ಅದು ಕೂಡಲೇ ಬಂತು, ಒಳ್ಳೆಯದಾಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಹೇಳಿತು. ಕ್ಷೌರಿಕರು, ಅಗಸರು, ಆಟೋ ಚಾಲಕರಿಗೆ ತಲಾ 5,000. ಮನೆಯ ಪಡಸಾಲೆಯಲ್ಲಿ ಊಟ ಹಾಕುವವರು ಯಾವ ಪಟ್ಟಿಗೂ ಸೇರಲಿಲ್ಲ. ಕೇಂದ್ರ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಸಾಲಕ್ಕೆ ಖಾತರಿ ನಿಂತಿತು. ಆದರೆ ಅದು ಆಗಲೇ ಬ್ಯಾಂಕ್ ಸಾಲ ಇದ್ದವರಿಗೆ, ಇದ್ದ ಬಾಕಿಯ ಮೇಲೆ ಇಷ್ಟು ಪಾಲು ಅಂತ. ವಹಿನಿಗೆ ಯಾವ ಬ್ಯಾಂಕಿನಲ್ಲೂ ಸಾಲ ಇರಲಿಲ್ಲ. "ಸಾಲ ಮಾಡದೆ ಇದ್ದದ್ದೇ ತಪ್ಪಾಯ್ತಲ್ಲ ಸಾಹೇಬ್ರೆ" ಅಂದರು. ನಾನು ಸೋಲ್ ಕಡಿ ಕುಡಿದು ಸುಮ್ನಿದ್ದೆ.

ಅದೇ ಹೊತ್ತಿನಲ್ಲಿ ಇನ್ನೊಂದು ಆಯಿತು. ಕೇಂದ್ರ ಸರ್ಕಾರ ತನ್ನ ನೌಕರರ ತುಟ್ಟಿಭತ್ಯೆಯನ್ನು 2020ರ ಜನವರಿಯಿಂದ 2021ರ ಜೂನ್‌ವರೆಗೆ ಶೇ 17ರಲ್ಲೇ ನಿಲ್ಲಿಸಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ಅಂದರೆ, ಪೇಟೆಯಲ್ಲಿ ಖರ್ಚು ಮಾಡುವ ಧೈರ್ಯ ಇದ್ದವರು ಯಾರೋ ಅವರಿಗೇ ಬರಬೇಕಾದ ಏರಿಕೆ ತಡೆದರು. 2020ರ ಅಕ್ಟೋಬರಿನಲ್ಲಿ ಅದೇ ಕೇಂದ್ರ ಸರ್ಕಾರ ಅದೇ ನೌಕರರಿಗೆ ಖರ್ಚು ಮಾಡಿ ಅಂತ 10,000 ರೂಪಾಯಿ ಹಬ್ಬದ ಮುಂಗಡ ಕೊಟ್ಟಿತು! ಒಂದು ಕೈಯಲ್ಲಿ ತಡೆದು ಇನ್ನೊಂದು ಕೈಯಲ್ಲಿ ಸಾಲ. ಕಿಟಕಿ ಮೇಜಿನಲ್ಲಿ ಇದೇ ಮಾತು ಬಹಳ ದಿನ ನಡೆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಕೆಲಸ ಕಳೆದುಕೊಂಡವರ ಮುಂದೆ ನಾವು ತುಟ್ಟಿಭತ್ಯೆ ಅಂತ ಅಳುವುದು ಚೆಂದವಲ್ಲ. ಉಳಿಸಿದ ದುಡ್ಡು ಪೂರ್ತಿ ಬಡವರ ಕೈಗೆ ಹೋಗಿದ್ದರೆ ನನ್ನ ತಕರಾರೇ ಇಲ್ಲ. 2021ರ ಜುಲೈನಲ್ಲಿ ಒಮ್ಮೆಗೇ ಶೇ 28ಕ್ಕೆ ಏರಿಸಿದರು. ಬಾಕಿ ಕೊಡಲಿಲ್ಲ.

ರಾಜ್ಯ ಸರ್ಕಾರವನ್ನು ಬೈಯುವ ಮೊದಲು ಅದರ ಕೈ ಎಷ್ಟು ಕಟ್ಟಿದೆ ಅನ್ನುವುದನ್ನೂ ನೋಡಬೇಕು. ರಾಜ್ಯ ನೋಟು ಅಚ್ಚು ಹಾಕುವ ಹಾಗಿಲ್ಲ. ಕೇಂದ್ರದ ಬಾಕಿ ಇರುವವರೆಗೆ ಅದರ ಒಪ್ಪಿಗೆ ಇಲ್ಲದೆ ಸಾಲ ಎತ್ತುವ ಹಾಗಿಲ್ಲ, ಸಂವಿಧಾನದ 293ನೇ ವಿಧಿಯಲ್ಲೇ ಇದೆ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು, ದೇಶದಲ್ಲೇ ಮೊದಲು. ಕೊರತೆ, ಅಂದರೆ ಆದಾಯ ಮೀರಿ ಮಾಡುವ ಖರ್ಚು, ರಾಜ್ಯದ ಉತ್ಪನ್ನದ ಶೇ 3 ದಾಟಬಾರದು. ಒಳ್ಳೇ ಶಿಸ್ತು. ಆದರೆ ತೆರಿಗೆ ಬೀಳುವುದೂ ಜನ ಬೀಳುವುದೂ ಒಂದೇ ವರ್ಷದಲ್ಲಿ. ಆ ವರ್ಷ ಶೇ 3ಕ್ಕೆ ನಿಲ್ಲಬೇಕಾದರೆ ಏನನ್ನು ಕಡಿಯುವುದು? ಪಗಾರ ಕಡಿಯಲಾಗದು, ಪೆನ್ಷನ್ ಕಡಿಯಲಾಗದು, ಬಡ್ಡಿ ಕಡಿಯಲಾಗದು. ಉಳಿಯುವುದು ಕಾಮಗಾರಿ. ರಸ್ತೆ, ಸೇತುವೆ, ಶಾಲೆ ಕೋಣೆ ಮುಂದೂಡುತ್ತಾರೆ. ಜಲ್ಲಿ ಹೊರುವವನ ಕೂಲಿ ಹೋಗುತ್ತದೆ. ಬಾಗಿಲ ಹತ್ತಿರದ ಮೇಜು ಖಾಲಿ. 2020–21ರಲ್ಲಿ ಕೇಂದ್ರ ಈ ಮಿತಿಯನ್ನು ಶೇ 5ರವರೆಗೆ ಸಡಿಲ ಮಾಡಿದ್ದು ಸರಿಯಾದ ಕೆಲಸ. ರಾಜ್ಯಗಳಿಗೆ 50 ವರ್ಷಕ್ಕೆ ಬಡ್ಡಿಯಿಲ್ಲದ ಸಾಲ ಕಾಮಗಾರಿಗೆ ಅಂತಲೇ ಕೊಡತೊಡಗಿದ್ದೂ ಆಗಲೇ. ಅದಕ್ಕೆ ಅರ್ಧ ಸ್ಟಾರ್ ನನ್ನಿಂದ.

ಕಾಮಗಾರಿ ತಡವಾಗುವುದು ನಮ್ಮೂರಿಗೆ ಹೊಸದಲ್ಲ. ಅರಗಾದ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ಊರುಗಳನ್ನು ಎಬ್ಬಿಸಿದರು, ಜನ ಪರಿಹಾರಕ್ಕೆ ಕೋರ್ಟು ಅಲೆದರು. 1991ರ ಆರ್ಥಿಕ ಬಿಕ್ಕಟ್ಟು ಬಂದು ಯೋಜನೆ ಕುಂಟಿತು. ಮತ್ತೆ ಚುರುಕಾಗಿದ್ದು 1999ರಲ್ಲಿ, ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿದ್ದಾಗ. ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ನೌಕಾಪಡೆಗೆ ಸೇರಿದ್ದು 2005ರ ಮೇ 31ಕ್ಕೆ. ಊರಿಗೆ ದುಡ್ಡು ಬೇಕಾಗಿದ್ದ ವರ್ಷಗಳಲ್ಲಿ ಕೆಲಸ ನಿಂತಿತ್ತು, ಅದಿರಿನ ಸುಗ್ಗಿ ಶುರುವಾಗುವ ಹೊತ್ತಿಗೆ ನೆಲೆಯೂ ಶುರುವಾಯಿತು. ಬಜೆಟ್ ಖರ್ಚು ಏರಿಳಿತವನ್ನು ತಗ್ಗಿಸುವ ಬದಲು ಏರನ್ನೇ ಏರಿಸಿತು. ಯಾರ ಪಿತೂರಿಯೂ ಅಲ್ಲ. ದೊಡ್ಡ ಕಾಮಗಾರಿಗೆ ನಕ್ಷೆ, ಭೂಮಿ, ಟೆಂಡರ್ ಆಗುವಷ್ಟರಲ್ಲಿ ಮಂದಗತಿಯೇ ಮುಗಿದಿರುತ್ತದೆ. ಅದಕ್ಕೇ ಸಣ್ಣ ದುರಸ್ತಿ, ಕಾಲುವೆ, ಶಾಲೆಯ ಹೆಂಚು, ಇಂಥ ಕೆಲಸಗಳ ಪಟ್ಟಿ ಮೊದಲೇ ತಯಾರಿರಬೇಕು. ಕಪಾಟಿನಿಂದ ತೆಗೆದು ಮರುದಿನವೇ ಶುರು ಮಾಡುವ ಹಾಗೆ.

ಮತ್ತೆ 1991 ಅಂದೆನಲ್ಲ. ಆ ವರ್ಷ ಸುಮ್ನೆ ಖರ್ಚು ಹೆಚ್ಚಿಸಿದ್ದರೆ ಇನ್ನೂ ಮುಳುಗುತ್ತಿದ್ದೆವು. ಆಗ ಕಡಿಮೆಯಾಗಿದ್ದು ಡಾಲರು. ಎಲ್ಲ ಕುಸಿತಕ್ಕೂ ಬಜೆಟ್ ಮದ್ದಲ್ಲ ಅನ್ನುವುದನ್ನು ನಮ್ಮ ಕರಾವಳಿಯವರು ಪ್ರತಿ ಮಳೆಗಾಲ ಕಣ್ಣಾರೆ ನೋಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಸಣ್ಣ ನಾಡದೋಣಿಯವರು ಹಿಡಿದದ್ದು, ಕಾಳಿ ನದಿಯ ಮೀನು, ಆಮೇಲೆ ಜೂನ್ ಮಧ್ಯದಲ್ಲಿ ಪೂರ್ವ ಕರಾವಳಿಯ ನಿಷೇಧ ಮುಗಿದು ಅಲ್ಲಿಂದ ಐಸಿನಲ್ಲಿ ಬಂದದ್ದು, ಇಷ್ಟೇ. ಆ ಎರಡು ತಿಂಗಳಲ್ಲಿ ಊರಿನ ಎಲ್ಲರ ಕೈಗೂ 2,000 ರೂಪಾಯಿ ಹೆಚ್ಚು ಕೊಟ್ಟು ಮೀನು ತಿನ್ನಿ ಅಂದರೆ ಮೀನು ಜಾಸ್ತಿ ಬರುವುದಿಲ್ಲ, ರೇಟು ಜಾಸ್ತಿ ಆಗುತ್ತದೆ. ಬೋಟು ದಕ್ಕೆಯಲ್ಲಿ ಕೊಳ್ಳುವವರಿಲ್ಲದೆ ಕೂತಿದ್ದರೆ ದುಡ್ಡು ಹಾಕುವುದು ಸರಿ. ಮೀನೇ ಇಲ್ಲದಿದ್ದರೆ ಬರೀ ಬೆಲೆ ಏರಿಕೆ. ಬಜೆಟ್ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ್ದು ಗಿರಾಕಿ ಇಲ್ಲವೋ, ಮೀನು ಇಲ್ಲವೋ ಅಂತ.

ಹಾಗೆ ಕೇಳಿಕೊಳ್ಳದ ತಪ್ಪು 2008ರ ನಂತರ ಆಗಿದೆ. ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತು. ಡಿಸೆಂಬರ್ 7ಕ್ಕೆ ನಮ್ಮ ಕೇಂದ್ರ ಸರ್ಕಾರ ಕಾರ್ಖಾನೆ ಸರಕಿನ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ 4 ಅಂಶ ಇಳಿಸಿತು. ಫೆಬ್ರವರಿಯಲ್ಲಿ ಮತ್ತೆ 2 ಇಳಿಸಿ, ಸೇವಾ ತೆರಿಗೆಯನ್ನೂ 12ರಿಂದ 10 ಮಾಡಿತು. ಇದಕ್ಕೂ ಮೊದಲೇ, ಬಿಕ್ಕಟ್ಟಿಗೆ ಸಂಬಂಧವೇ ಇಲ್ಲದೆ ರೈತರ ಸಾಲಮನ್ನಾ ಆಗಿತ್ತು, ಆರನೇ ವೇತನ ಆಯೋಗದ ಬಾಕಿ ಹಣ ಕೇಂದ್ರ ನೌಕರರ ಕೈಗೆ ಬರುತ್ತಿತ್ತು. ಅದೃಷ್ಟ ಅನ್ನಿ. ಕೊರತೆ ಜಿಡಿಪಿಯ ಶೇ 2.5 ಇದ್ದದ್ದು ಒಂದೇ ವರ್ಷದಲ್ಲಿ ಶೇ 6 ಆಯಿತು, ದೇಶ ಬೇಗ ಎದ್ದಿತು. ಅಲ್ಲಿಯವರೆಗೆ ನಾನು ಚಪ್ಪಾಳೆ ಹೊಡೆಯುತ್ತೇನೆ. ಎದ್ದ ಮೇಲೆ ಕೈ ಹಿಂದೆ ತೆಗೆದುಕೊಳ್ಳಲು ತಡಮಾಡಿದರು. ಅದೊಂದೇ ಕಾರಣ ಅಲ್ಲ, ಆದರೆ ಮುಂದಿನ ಕೆಲವು ವರ್ಷ ಬೆಲೆ ಏರಿಕೆ ಶೇ 10ರ ಆಸುಪಾಸಿನಲ್ಲೇ ಓಡಾಡಿತು. ಈ ಖಾನಾವಳಿಯಲ್ಲಿ ಊಟದ ರೇಟು ಅತ್ತೆಯವರ ಕಾಲದಲ್ಲಿ ಪದೇ ಪದೇ ಏರಿದ್ದು ಆಗಲೇ.

ಕೋವಿಡ್ ಆದ ಮೇಲೆ ಈ ಪಾಠ ಕಲಿತ ಹಾಗೆ ಕಾಣುತ್ತದೆ. 2020–21ರಲ್ಲಿ ಕೇಂದ್ರದ ಕೊರತೆ ಶೇ 9.2 ಮುಟ್ಟಿತ್ತು. ವರ್ಷ ವರ್ಷ ಇಳಿಸುತ್ತಾ 2025–26ರ ಬಜೆಟ್ಟಿನಲ್ಲಿ ಶೇ 4.4ರ ಗುರಿ ಇಟ್ಟರು. ಇಳಿಸುವಾಗ ಕಾಮಗಾರಿ ಕಡಿಯಲಿಲ್ಲ, ಅದನ್ನು 11 ಲಕ್ಷ ಕೋಟಿಯ ಮೇಲೆ ಒಯ್ದರು. ನಾನು ಜಿಪುಣ ಪರೀಕ್ಷಕ, ಆದರೂ ಇದಕ್ಕೆ ಒಂದು ಸ್ಟಾರ್.

ಉಳಿದ ಎರಡೂವರೆ ಕಡಿತ ಆಗಿದ್ದು ಒಂದೇ ಕಾರಣಕ್ಕೆ. ಕೆಟ್ಟ ಕಾಲದಲ್ಲಿ ಖರ್ಚು ಮಾಡಬೇಕು ಅನ್ನುವುದು ಎಲ್ಲ ಮಂತ್ರಿಗಳಿಗೂ ಗೊತ್ತು, ಅದು ಖುಷಿಯ ಕೆಲಸ. ಒಳ್ಳೇ ಕಾಲದಲ್ಲಿ ತೆಗೆದಿಡಬೇಕು ಅನ್ನುವ ಇನ್ನರ್ಧ ಯಾರಿಗೂ ಬೇಡ. ಅದಿರಿನ ವರ್ಷಗಳಲ್ಲಿ ಬಂದ ದುಡ್ಡಿನಲ್ಲಿ ಒಂದು ಪಾಲು ಈ ತಾಲೂಕುಗಳ ಕೆಟ್ಟ ವರ್ಷಕ್ಕೆ ಅಂತ ಎತ್ತಿಟ್ಟಿದ್ದರೆ? ಪಕ್ಕದ ಮೇಜಿನ ಬೋಟಿನವರ ಹತ್ತಿರವೇ ಇದಕ್ಕೆ ಮಾದರಿ ಇದೆ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆ. ಸುಗ್ಗಿಯ ತಿಂಗಳುಗಳಲ್ಲಿ ಮೀನುಗಾರ 1,500 ರೂಪಾಯಿ ಕಟ್ಟಬೇಕು. ಅದಕ್ಕೆ ಕೇಂದ್ರ, ರಾಜ್ಯ ಸೇರಿ 3,000 ಹಾಕುತ್ತವೆ. ನಿಷೇಧದ ಕಾಲದಲ್ಲಿ ಒಟ್ಟು 4,500 ಕೈಗೆ. ಮೊತ್ತ ತೀರಾ ಸಣ್ಣದು, ಬರುವುದೂ ಕೆಲವೊಮ್ಮೆ ಮಳೆ ಮುಗಿದ ಮೇಲೆ. ಲೆಕ್ಕ ಮಾತ್ರ ಸರಿ: ಇದ್ದಾಗ ಕಟ್ಟು, ಇಲ್ಲದಾಗ ತಗೋ.

ವಹಿನಿ ಇದನ್ನು ಯೋಜನೆ ಇಲ್ಲದೆಯೇ ಮಾಡುತ್ತಾರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಎಷ್ಟೇ ಜನ ಬಂದರೂ ಏಳನೇ ಮೇಜು ಹಾಕುವುದಿಲ್ಲ, ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳುವುದಿಲ್ಲ. ಅಕ್ಕಿ ಅಂಗಡಿಯ ಬಾಕಿ ಆಗಲೇ ತೀರಿಸುತ್ತಾರೆ. ಅಂಚೆ ಕಚೇರಿಯಲ್ಲಿ ಆರ್‌ಡಿ ಇದೆ. ಬಂಗಡೆ ಅಗ್ಗವಾದ ವಾರ ಕೊಂಡು ಉಪ್ಪು ಹಾಕಿ ಒಣಗಿಸಿ ಡಬ್ಬಿ ತುಂಬಿಸುತ್ತಾರೆ. ಜುಲೈಯಲ್ಲಿ ಗಿರಾಕಿ ಅರ್ಧ ಆದಾಗ ಪಾತ್ರೆಯವಳ ಪಗಾರ ಕಡಿಯುವುದಿಲ್ಲ, ಉದ್ರಿ ಪುಸ್ತಕ ಮುಚ್ಚುವುದಿಲ್ಲ. ಬೋಟಿನ ಹುಡುಗರು ಆ ಎರಡು ತಿಂಗಳು ಉದ್ರಿಯಲ್ಲೇ ಉಣ್ಣುತ್ತಾರೆ, ಆಗಸ್ಟಿನಲ್ಲಿ ಬೋಟು ಹೋದ ಮೇಲೆ ತೀರಿಸುತ್ತಾರೆ. ಎಲ್ಲರೂ ತೀರಿಸುತ್ತಾರಾ ಅಂದೆ. "ಹೆಚ್ಚಿನವರು. ಒಂದು ಇಲಾಖೆಯ ಕೆಲಸ ಮಾಡ್ತಿದ್ದ ಗುತ್ತಿಗೆದಾರ ಒಬ್ಬನೇ ನಾಪತ್ತೆ. ಬಿಲ್ ಪಾಸಾದ ಕೂಡಲೇ ಕೊಡ್ತೇನೆ ಅಂದಿದ್ದ. ಬಿಲ್ ಪಾಸಾಯ್ತಾ ಸಾಹೇಬ್ರೆ?" ನಾನು ನಿವೃತ್ತನಾದದ್ದು ಅವರಿಗೆ ಗೊತ್ತು. ಆದರೂ ಪ್ರತಿ ಸಲ ಕೇಳುತ್ತಾರೆ.

ಗೃಹಲಕ್ಷ್ಮಿಯ 2,000 ರೂಪಾಯಿ ಬಗ್ಗೆಯೂ ಒಂದು ಮಾತು. 2023ರ ಆಗಸ್ಟಿನಿಂದ ಬರುತ್ತಿದೆ. ಪಾತ್ರೆಯವಳಿಗೆ ಬರುತ್ತದೆ, ಅವಳ ಮನೆಯ ಜುಲೈ ಸ್ವಲ್ಪ ಸರಾಗ ಆಗಿದೆ. ಆದರೆ ಇದು ಏರಿಳಿತ ನೋಡಿ ಹೆಚ್ಚು ಕಡಿಮೆ ಆಗುವ ದುಡ್ಡಲ್ಲ. ಒಳ್ಳೇ ವರ್ಷಕ್ಕೂ ಅಷ್ಟೇ, ಕೆಟ್ಟ ವರ್ಷಕ್ಕೂ ಅಷ್ಟೇ. ಕೆಳಗೆ ಹಾಸಿದ ನೆಲ ಗಟ್ಟಿಯಾಯಿತು, ಒಪ್ಪಿದೆ. ಮುಂದಿನ ಕೆಟ್ಟ ವರ್ಷಕ್ಕೆ ಬೊಕ್ಕಸದಲ್ಲಿ ಎಷ್ಟು ಜಾಗ ಉಳಿಯುತ್ತದೆ ಅನ್ನುವುದು ನನ್ನ ಚಿಂತೆ. ಇದನ್ನು ಹೇಳಿದ್ದಕ್ಕೆ ಪಾತ್ರೆಯವಳು ನನ್ನ ತಟ್ಟೆಗೆ ಆ ದಿನ ಎರಡನೇ ಸಲ ಸಾರು ತರಲಿಲ್ಲ.

ಈಗ ದೂರುಗಳು. ಕೈ ತೊಳೆಯುವ ಜಾಗ ಇಕ್ಕಟ್ಟು, ಶೌಚಾಲಯ ಮನೆಯವರದ್ದೇ, ಕೇಳಲು ಮುಜುಗರ. ಏಪ್ರಿಲ್, ಮೇ ತಿಂಗಳಲ್ಲಿ ತಿರುಗುವ ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೆ ಅಂಗಿ ಹಿಂಡುವಷ್ಟು ಬೆವರು. ಶೆಟ್ಲಿ (ಸಿಗಡಿ) ಫ್ರೈ ಇಲ್ಲಿ ಯಾಕೋ ಪ್ರತಿ ಸಲ ಜಾಸ್ತಿ ಬೇಯುತ್ತದೆ, ರಬ್ಬರ್ ಹಾಗೆ. ಅದನ್ನು ಬಿಡಿ. ತಿಸ್ರೆ (ಚಿಪ್ಪುಮೀನು) ಸುಕ್ಕ ಇದ್ದರೆ ಬಿಡಬೇಡಿ. ಮಳೆಗಾಲದಲ್ಲಿ ಹೋದವರು ತಾಜಾ ಬಂಗಡೆ ಕೇಳಿ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಒಣ ಬಂಗಡೆ ಸುಟ್ಟು ಕಾಯಿ ಚಟ್ನಿ ಜೊತೆ ಕೊಡುತ್ತಾರೆ, ಗಂಜಿ ಹೇಳಿ. ನನ್ನ ಮಟ್ಟಿಗೆ ಈ ಖಾನಾವಳಿಯ ಅತ್ಯುತ್ತಮ ಊಟ ಅದೇ, ಬೆಲೆಯೂ ಕಡಿಮೆ. ಫೋನಿನಿಂದ ದುಡ್ಡು ಕಳಿಸಬಹುದು, ಕೋಡ್ ಅಂಟಿಸಿದ ಡಬ್ಬಿ ಉಪ್ಪಿನಕಾಯಿ ಭರಣಿಯ ಹಿಂದೆ ಇರುತ್ತದೆ. ಕಾರು ಗಲ್ಲಿಯೊಳಗೆ ತರಬೇಡಿ. ಸೋಮವಾರ ರಜೆ.

ಮಾರ್ಚ್ ಕೊನೆಯ ವಾರ ಮಾತ್ರ ಅತ್ತ ತಲೆ ಹಾಕಬೇಡಿ. ಹಣಕಾಸು ವರ್ಷ ಮುಗಿಯುವ ಮೊದಲು ದುಡ್ಡು ಖರ್ಚು ತೋರಿಸಲು ಕಚೇರಿಗಳೆಲ್ಲ ರಾತ್ರಿವರೆಗೆ ತೆರೆದಿರುತ್ತವೆ, ಗುಮಾಸ್ತರು, ಗುತ್ತಿಗೆದಾರರು ಎಲ್ಲ ಒಟ್ಟಿಗೆ ಬಂದು ಕೂರುತ್ತಾರೆ, ಪಾರ್ಸೆಲ್ಲಿನ ಸಾಲು ಗಲ್ಲಿಯ ಬಾಯಿಯವರೆಗೆ ಇರುತ್ತದೆ. ಏಪ್ರಿಲ್ ಎರಡಕ್ಕೆ ಹೋಗಿ. ಫ್ಯಾನಿನ ಕೆಳಗೇ ಜಾಗ ಸಿಗುತ್ತದೆ.